ಹೊಂಡದ ಕಾರಕೂನ

ಜಿನದತ್ತನ ಸೋದರತ್ತೆ ಪದ್ಮವ್ವ ಗಲಗಲಿಯ ಹೊಳೆಯಿಂದ ಒಂದು ಕೊಡ ನೀರು ತಂದದ್ದೇ ಎಲ್ಲದಕ್ಕೂ ಮೂಲ.

ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯುವ ಮನೆ ಅದಲ್ಲ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಹುಳಗಳನ್ನು, ಅವು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ತಿರುಗಿ ಬಿಡಬೇಕೆಂಬುದು ಜೈನರ ಮನೆಗಳಲ್ಲಿ ನಡೆದುಬಂದ ಪದ್ಧತಿ. ಪದ್ಮವ್ವ ಸೋಸಿದಾಗ ಬಟ್ಟೆಯಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಒಂದಿಷ್ಟು ಹುಳ, ಅವುಗಳ ಜೊತೆಗೆ ಉಗುರಿನಷ್ಟು ದೊಡ್ಡ, ನೀರ ಮೇಲೆ ತೇಲುವ ಒಂದು ಅಂತರಗಂಗೆಯ ಸಸಿ ಉಳಿದವು. ಎಲ್ಲವನ್ನೂ ತಂಬಿಗೆಗೆ ಹಾಕಿ ಸೋದರಳಿಯನ ಕೈಗೆ ಕೊಟ್ಟಳು.

"ಗಲಗಲಿಗೆ ಹೋಗಿ ಹೊಳ್ಯಾಗ ಬಿಟ್ಟ ಬಾರೋ ತಮ್ಮಾ. ಅವರವರ ಮನಿಗೆ ಅವರವರನ್ನ ಮುಟ್ಟಸಬೇಕು."

ಗಲಗಲಿಗೆ ಹೋಗಿ ಬರುವುದೆಂದರೆ ಒಂದು ಹಗಲು ಪೂರ್ತಿ ಹಾಳು. ಜಿನದತ್ತ ತಂಬಿಗೆ ಹಿಡಿದುಕೊಂಡು ಬಹಳ ಭಕ್ತಿಯಿಂದ ಮನೆ ಬಿಟ್ಟ. ಜಮಖಂಡಿ ಸಂಸ್ಥಾನದ ಸರಕಾರಿ ಬಾಗದಲ್ಲಿ, ಎಂದರೆ ಅರಮನೆಯ ತೋಟದಲ್ಲಿ, ಅವನು ಲೆಕ್ಕ ಬರೆಯುವ ಕಾರಕೂನ. ಬಾಗದ ನಡುವೆ ಒಂದು ದೊಡ್ಡ ಹೊಂಡ, ಹೊಂಡದ ಸುತ್ತ ಕಲ್ಲಿನ ಪಾವಟಿಗೆ, ದಂಡೆಯಲ್ಲಿ ಒಂದು ಬೇವಿನ ಮರ. ಅವನು ಹೊಂಡದ ತನಕ ಹೋಗಿ, ಅತ್ತಿತ್ತ ನೋಡಿ, ತಂಬಿಗೆಯನ್ನು ಅಲ್ಲೇ ಬೋರಲು ಹಾಕಿ, ಬೇವಿನ ನೆರಳಲ್ಲಿ ಒಂದು ಗಡದ್ದು ನಿದ್ದೆ ತೆಗೆದು, ಹೊತ್ತು ಇಳಿಯುವಾಗ ಕಾಲಿಗೆ ಸ್ವಲ್ಪ ಧೂಳು ಹಚ್ಚಿಕೊಂಡು ಮನೆಗೆ ಬಂದ. ಪದ್ಮವ್ವ ಅವನ ಕಾಲಿಗೆ ಬಿಸಿನೀರು ಕೊಟ್ಟಳು.

ಹುಳಗಳು ಏನಾದವೋ ತಿಳಿಯದು. ಅಂತರಗಂಗೆಗೆ ಮಾತ್ರ ಜಮಖಂಡಿಯ ನೀರು ಚೆನ್ನಾಗಿ ಒಗ್ಗಿತು. ಒಂದು ಮಳೆಗಾಲ ಕಳೆಯುವುದರೊಳಗೆ ಅದು ಮಕ್ಕಳು ಮೊಮ್ಮಕ್ಕಳಾಗಿ ಹೊಂಡವನ್ನೆಲ್ಲ ಹೊದ್ದು ಮಲಗಿತು. ಗಿಡಗಳ ಸಂದಿಯಲ್ಲಿ ಬಿಸಿಲು ಬಿದ್ದಲ್ಲೆಲ್ಲ ಹಾವಸೆ, ಎಂದರೆ ಪಾಚಿ, ಬೆಳೆಯಿತು. ಹಾವಸೆಯ ಕೆಳಗೆ ನೀರು ಇದ್ದೀತು ಎಂದು ಜನ ನಂಬಿಕೆಯ ಮೇಲೆ ಹೇಳುತ್ತಿದ್ದರು. ಜಿನದತ್ತ ದಿನಾ ಬೆಳಿಗ್ಗೆ ಬಂದು ಅದನ್ನು ನೋಡುತ್ತಿದ್ದ, ನಾಳೆ ತೆಗೆಸೋಣ ಎಂದುಕೊಳ್ಳುತ್ತಿದ್ದ, ಬೇವಿನ ಕೆಳಗೆ ಹೋಗಿ ಕೂಡುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಖಾಸಗಿ ಕಾರಭಾರಿ ನೀಲಕಂಠರಾಯರ ಟಾಂಗಾ ಬಾಗದ ಬಾಗಿಲಿಗೆ ಬಂದು ನಿಂತಿತು. ಅರಮನೆಯ ಬಾಗ, ಕೊಟ್ಟಿಗೆ, ಗಾಡಿ, ಕುದುರೆ ಎಲ್ಲವೂ ಅವರ ಕೈಕೆಳಗೆ. ಸರಕಾರದವರ, ಎಂದರೆ ರಾಜರ, ಸವಾರಿ ಪುಣೆಗೆ ಹೋಗಿದ್ದರಿಂದ ಆಗ ಊರೇ ಅವರ ಕೈಕೆಳಗಿತ್ತು ಎಂದರೂ ನಡೆಯುತ್ತದೆ. ಜರಿಯ ರುಮಾಲು, ಉದ್ದ ಕೋಟು, ಹೊಸ ಪುಣೇರಿ ಜೋಡು ಹಾಕಿಕೊಂಡು, ಬೆತ್ತ ತಿರುಗಿಸುತ್ತ ಒಳಗೆ ಬಂದರು.

"ಕೊಲ್ಲಾಪುರದಿಂದ ಇಂಗ್ರೇಜಿ ದೊಡ್ಡ ಸಾಹೇಬ್ರ ಮೇಡಂ ಇವತ್ತ ಸಂಜಿಗೆ ಬರಾಕತ್ತಾರ. ಹೊಂಡದ ದಂಡಿಗೆ ಚಹಾ ಆಗಬೇಕು," ಎಂದರು. ಎದುರಿನ ಹಸಿರನ್ನು ನೋಡಿ ಬಹಳ ಸಂತೋಷಪಟ್ಟರು. "ವಾ, ಹುಲ್ಲು ಏನ ಛಲೋ ಬೆಳಸಿಯಪಾ ಜಿನದತ್ತ. ಇಲ್ಲೇ ಕುರ್ಚಿ ಹಾಕಸು."

"ಅದು ಹುಲ್ಲಲ್ರಿ ಸಾಹೇಬ್ರ," ಎಂದು ಜಿನದತ್ತ ಬಾಯಿ ತೆರೆಯುವುದಕ್ಕೂ ಕಾರಭಾರಿಗಳು ಕುರ್ಚಿಯ ಜಾಗ ತೋರಿಸಲು ಮುಂದಕ್ಕೆ ಕಾಲಿಡುವುದಕ್ಕೂ ಸರಿಹೋಯಿತು. ಅವರು ಸೊಂಟದ ತನಕ ಕೆಳಗಿಳಿದರು. ರುಮಾಲಿನ ಮೇಲೆ ಒಂದು ಕಪ್ಪೆ ಹಾರಿ ಕುಳಿತಿತು, ತನಗೆ ಯೋಗ್ಯವಾದ ಜಾಗವಲ್ಲವೆಂದು ತಿಳಿದು ಇಳಿದು ಹೋಯಿತು.

"ಹಂಗಾದ್ರ ಹೊಂಡ ಎಲ್ಲದ?" ಎಂದು ಕಾರಭಾರಿಗಳು ನೀರಿನಲ್ಲಿ ನಿಂತೇ ಕೇಳಿದರು.

"ನೀವು ನಿಂತೀರಲ್ರಿ, ಅದ ರೀ."

ಆಳುಗಳು ಓಡಿಬಂದು ಕಾರಭಾರಿಗಳನ್ನು ಮೇಲಕ್ಕೆತ್ತಿದರು. ಎಡಗಾಲಿನ ಜೋಡು ಮೇಲೆ ಬರಲಿಲ್ಲ. ಒಂದೇ ಜೋಡಿನ ಮೇಲೆ ನಿಂತು, ತೊಟ್ಟಿಕ್ಕುವ ಕೋಟಿನಿಂದ ಬೇರು ಕಿತ್ತೆಸೆಯುತ್ತ, ಅವರು ತಣ್ಣಗೆ ಮಾತಾಡಿದರು. ಅವರು ಕೂಗಾಡಿದ್ದರೆ ಜಿನದತ್ತನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಮೇಡಂ ಸಾಹೇಬ್ರಿಗೆ ನೀರಂದ್ರ ಭಾಳ ಪ್ರೀತಿ. ಸಂಜಿಗೆ ಅವರು ಬಂದಾಗ ಇಲ್ಲಿ ನೀರು ಕಾಣಬೇಕು. ಕಾಣಲಿಲ್ಲ ಅಂದ್ರ ನೀ ಕುಂದಗೋಳ ಕಾಣತಿ."

ಜಮಖಂಡಿ ಸಂಸ್ಥಾನದ ಕಾರಕೂನರನ್ನು ಬೆದರಿಸಲು ಜೈಲು ಬೇಕಾಗಿರಲಿಲ್ಲ, ಕುಂದಗೋಳ ಸಾಕಾಗಿತ್ತು. ಸಂಸ್ಥಾನದ ಒಂದು ತುಂಡು ಹೇಗೋ ಒಡೆದುಹೋಗಿ, ನಡುವೆ ಯಾರ್ಯಾರದೋ ಸೀಮೆ ದಾಟಿ, ಹುಬ್ಬಳ್ಳಿಯ ಆಚೆ ಬಿದ್ದಿತ್ತು. ಅದೇ ಕುಂದಗೋಳ. ಊರು ಒಳ್ಳೆಯದೇ. ಆದರೆ ಅಲ್ಲಿಗೆ ವರ್ಗವಾದ ಕಾರಕೂನನನ್ನು ಜಮಖಂಡಿಯ ಕಚೇರಿ ಮರೆತುಬಿಡುತ್ತಿತ್ತು. ತಲೆ ನರೆತ ಮೇಲೆ ಯಾವನೋ ಒಬ್ಬ ತಿರುಗಿ ಬಂದರೆ ಅವನ ಗೆಳೆಯರಿಗೇ ಗುರುತು ಸಿಗುತ್ತಿರಲಿಲ್ಲ.

ಜಿನದತ್ತನಿಗೆ ಊರಿನ ಹೆದರಿಕೆ ಇರಲಿಲ್ಲ, ಹೆಂಡತಿಯ ಹೆದರಿಕೆ ಇತ್ತು. ಅನುಸೂಯಾ ತೇರದಾಳದ ಹೆಣ್ಣು. ಮದುವೆಯಾದಾಗಿನಿಂದ ಗಂಡನ ಹಿಂದೆ ಊರೂರು ಅಲೆದು, ಒಂದು ಊರಿನ ಒಲೆ ಹದಕ್ಕೆ ಬರುವ ಹೊತ್ತಿಗೆ ಇನ್ನೊಂದು ಊರಿಗೆ ಗಂಟು ಕಟ್ಟಿ ಬೇಸತ್ತಿದ್ದಳು. ಜಮಖಂಡಿಗೆ ಬಂದ ದಿನವೇ ಹೇಳಿಬಿಟ್ಟಿದ್ದಳು: "ಇನ್ನೊಂದು ಸಲ ವರ್ಗ ಆತು ಅಂದ್ರ, ನಿಮ್ಮ ಗಂಟು ನಿಮ್ಮ ಊರಿಗೆ, ನನ್ನ ಗಂಟು ತೇರದಾಳಕ್ಕ. ಖರೇನ ಹೇಳತೇನಿ." ಅನುಸೂಯಾ ಹೇಳಿದ್ದನ್ನು ಮಾಡುವವಳು. ಪಂಚಮಿಗೆಂದು ಅವಳು ತವರಿಗೆ ಹೋದರೆ ಜಿನದತ್ತನಿಗೆ ಊಟ ಸೇರುತ್ತಿರಲಿಲ್ಲ, ಬೈಯುವವರಿಲ್ಲದ ಮನೆ ಅವನಿಗೆ ಛತ್ರದಂತೆ ಕಾಣುತ್ತಿತ್ತು. ಹಬ್ಬ ಮುಗಿಯುವ ಮೊದಲೇ ತಾನೂ ತೇರದಾಳಕ್ಕೆ ಹೋಗಿ ಮಾವನ ಮನೆಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. ಅವಳಿಲ್ಲದೆ ಕುಂದಗೋಳದಲ್ಲಿ ಇರುವುದು ಅವನಿಂದ ಆಗದ ಮಾತಾಗಿತ್ತು.

ಆಳುಗಳನ್ನೆಲ್ಲ ಕೂಗಿ, ತಾನೂ ಧೋತರ ಮೇಲಕ್ಕೆ ಕಟ್ಟಿ ನೀರಿಗಿಳಿದ. ಗಂಡಸರು ಅಂತರಗಂಗೆ ಕಿತ್ತು ಬುಟ್ಟಿಗೆ ತುಂಬುವುದು, ಹೆಂಗಸರು ಹೊತ್ತು ದಂಡೆಗೆ ಸುರಿಯುವುದು. ಕೆಲಸ ಭರದಿಂದ ನಡೆಯಿತು. ಒಂದು ಮೂಲೆಯಲ್ಲಿ ಚಾಪೆಯಗಲದ ನೀರು ಕಂಡಿತು. ಆ ನೀರಿನಲ್ಲಿ ತನ್ನ ಮುಖ ನೋಡಿ ಜಿನದತ್ತನಿಗೆ ಸ್ವಲ್ಪ ಧೈರ್ಯ ಬಂತು. ಅದೇ ಹೊತ್ತಿಗೆ ಮುಖದ ಪಕ್ಕದಲ್ಲಿ ಇನ್ನೊಂದು ಮುಖ ಕಂಡಿತು. ಪದ್ಮವ್ವ ಬಸದಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಒಳಗೆ ಬಂದಿದ್ದಳು.

"ಏನ ಮಾಡಾಕತ್ತೀಯೋ ತಮ್ಮಾ?"

"ಕಸ ತಗಿಸಾಕತ್ತೇನಿ ಅತ್ತಿ."

ಪದ್ಮವ್ವ ದಂಡೆಯ ರಾಶಿಯಿಂದ ಒಂದು ಗಿಡ ಎತ್ತಿ ಝಾಡಿಸಿದಳು. ಬೇರಿನಿಂದ ಒಂದು ಬಸವನಹುಳು, ಎರಡು ಮರಿಗಪ್ಪೆ, ಹೆಸರಿಲ್ಲದ ಇನ್ನೆಷ್ಟೋ ಜೀವಗಳು ಅವಳ ಅಂಗೈಗೆ ಉದುರಿದವು. ಅವಳು ಅಳಿಯನ ಮುಖಕ್ಕೆ ಆ ಕೈಯನ್ನು ಹಿಡಿದಳು.

"ಇವು ಕಸೇನೋ?"

"ಅತ್ತಿ, ಸಂಜಿಗೆ ಮೇಡಂ ಬರ್ತಾರ."

"ಮೇಡಂಗ ಜೀವ ಐತಿ, ಇವಕ್ಕ ಇಲ್ಲೇನು?"

ಅಲ್ಲಿಂದ ಮುಂದೆ ಯಜಮಾನಿಕೆ ಪದ್ಮವ್ವನದಾಯಿತು. ಪಾವಟಿಗೆಯ ಮೇಲೆ ಕೂತು, ಮಡಿಲಲ್ಲಿದ್ದ ಸೋಸುವ ಬಟ್ಟೆ ಹಾಸಿ, ಪ್ರತಿಯೊಂದು ಬುಟ್ಟಿಯೂ ತನ್ನ ಮುಂದೆ ಬಂದು, ತೊಳೆಸಿಕೊಂಡು, ಜೀವಗಳನ್ನು ತಿರುಗಿ ನೀರಿಗೆ ಬಿಟ್ಟ ಮೇಲೆಯೇ ಆಚೆ ಹೋಗಬೇಕೆಂದು ಕಟ್ಟು ಮಾಡಿದಳು. ಹೆಂಗಸರಿಗೆ ಇದು ಬಹಳ ಹಿಡಿಸಿತು. ಬುಟ್ಟಿ ಇಳಿಸಿ, ಸುತ್ತ ಕೂತು, ಇದು ತಾಯಿಮೀನೋ ಮರಿಮೀನೋ ಎಂದು ಚರ್ಚೆಗೆ ಹತ್ತಿದರು. ಜೀವಗಳ ಜೊತೆಗೆ ಅಂತರಗಂಗೆಯ ಮರಿಗಳೂ ಹೊಂಡಕ್ಕೆ ತಿರುಗಿ ಹೋಗುತ್ತಿದ್ದವು. ಬುಟ್ಟಿ ತುಂಬ ಹೊರಗೆ ಬಂದದ್ದು ಅರ್ಧ ಬುಟ್ಟಿ ಒಳಗೇ ಹೋಗುತ್ತಿತ್ತು.

"ಈ ಗಿಡಾ ನಾ ಗಲಗಲಿ ಹೊಳ್ಯಾಗ ನೋಡಿದ್ದೆ," ಎಂದು ಪದ್ಮವ್ವ ಒಮ್ಮೆ ತಲೆಯೆತ್ತಿದಳು. "ಇಲ್ಲಿಗೆ ಹ್ಯಾಂಗ ಬಂತೋ ಏನೋ."

ಜಿನದತ್ತನಿಗೆ ದೊಡ್ಡ ಕೆಮ್ಮು ಬಂತು.

ಹೊತ್ತು ನೆತ್ತಿಗೇರುವ ಹೊತ್ತಿಗೆ ಪಕ್ಕದ ದನದ ಕೊಟ್ಟಿಗೆಯ ಕಾರಕೂನ ಚನಮಲ್ಲಪ್ಪ ಬೇಲಿ ದಾಟಿ ಬಂದ. ಯಾರೂ ಕೇಳದ ಕಡೆ ಹೋಗಿ ಬುದ್ಧಿ ಹೇಳದಿದ್ದರೆ ಅವನಿಗೆ ಅನ್ನ ಕರಗುತ್ತಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿ ನಕ್ಕ.

"ಹಿಂಗ ಬುಟ್ಟಿಲೆ ತಗದ್ರ ಮುಂದಿನ ಉಗಾದಿಗೆ ಮುಗೀತೈತಿ ನೋಡ ಜಿನದತ್ತಾ. ನನ್ನ ಎಮ್ಮಿ ಅದಾವ. ಈ ದಂಡಿಗೆ ಎರಡು, ಆ ದಂಡಿಗೆ ಎರಡು. ನಡುವ ಒಂದು ಹಗ್ಗಾ ಕಟ್ಟಿ ಅದಕ್ಕ ಜಾಲಿಮುಳ್ಳ ಬಿಗದು ಎಳಸಿದ್ರ, ಹಾಸಗಿ ಸುತ್ತಿದಂಗ ಸುತ್ತಿಕೊಂಡ ಬರ್ತೈತಿ."

ಜಿನದತ್ತನಿಗೆ ಬೇರೆ ದಾರಿ ಇರಲಿಲ್ಲ. ಎಮ್ಮೆಗಳು ಬಂದವು. ಆಶ್ಚರ್ಯವೆಂದರೆ ಉಪಾಯ ಫಲಿಸಿತು. ಎಮ್ಮೆಗಳು ಎರಡೂ ದಂಡೆಯಲ್ಲಿ ಗಂಭೀರವಾಗಿ ನಡೆದವು, ಹಗ್ಗ ಹೊಂಡದ ಮೇಲೆ ಸರಿಯಿತು, ಹಗ್ಗದ ಮುಂದೆ ಅಂತರಗಂಗೆ ಜಮಖಾನೆಯಂತೆ ಸುರುಳಿಯಾಗಿ ಹೊರಟಿತು. ಆಚೆ ತುದಿಯಲ್ಲಿ ಆಳುಗಳೆಲ್ಲ ಸೇರಿ ಆ ಸುರುಳಿಯನ್ನು ದಂಡೆಗೆ ಎಳೆದರು. ಗುಡ್ಡದಂಥ ರಾಶಿಯ ಮುಂದೆ ಪದ್ಮವ್ವ ಬಟ್ಟೆ ಹಾಸಿ ಕೂತಳು, ಇನ್ನು ಸಂಜೆಯವರೆಗೆ ಅವಳಿಗೆ ಬೇರೆ ಉದ್ಯೋಗ ಬೇಕಾಗಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಸಿಲಲ್ಲಿ ದುಡಿದ ಎಮ್ಮೆಗಳಿಗೆ ಎದುರಿಗೇ ನೀರು ಕಂಡಿತು. ನಾಲ್ಕೂ ಹಗ್ಗ ಸಮೇತ ಹೊಂಡಕ್ಕಿಳಿದವು. ಇಳಿದು, ಅಡ್ಡಾಡಿ, ಹೊರಳಿ, ತಳದ ರಾಡಿಯನ್ನೆಲ್ಲ ಮೇಲಕ್ಕೆ ತಂದು, ಮೂಗಷ್ಟೇ ಹೊರಗಿಟ್ಟು ಕಣ್ಣು ಮುಚ್ಚಿದವು. ಚನಮಲ್ಲಪ್ಪ ದಂಡೆಯ ಮೇಲೆ ನಿಂತು ಅವುಗಳ ಹೆಸರು ಹಿಡಿದು ಕರೆದ, ಬೈದ, ಕೊನೆಗೆ ಗೋಗರೆದ. ಎಮ್ಮೆಗಳು ಕಿವಿ ಆಡಿಸಿದವು.

ಅಂತರಗಂಗೆ ಹೋಗಿ ಈಗ ಹಾವಸೆ ಉಳಿಯಿತು. ಹಾವಸೆ ಕೈಗೆ ಸಿಗುವ ವಸ್ತುವಲ್ಲ, ಬುಟ್ಟಿಯಲ್ಲಿ ನಿಲ್ಲುವುದಿಲ್ಲ. ರಾಡಿ ಕೂಡಿಕೊಂಡು ಹೊಂಡ ಪುಂಡಿಸೊಪ್ಪಿನ ಪಲ್ಲೆ ಕುದಿಸಿಟ್ಟ ಹಂಡೆಯಂತೆ ಕಾಣುತ್ತಿತ್ತು.

"ಮೈಲುತುತ್ತ ಹಾಕು," ಎಂದ ಚನಮಲ್ಲಪ್ಪ. "ಹಾವಸಿ ಹೇಳದ ಕೇಳದ ಸಾಯ್ತೈತಿ."

"ಮೀನ?"

"ಅವೂ ಸಾಯ್ತಾವ."

ಆಚೆ ದಂಡೆಯಿಂದ ಪದ್ಮವ್ವ ತಲೆಯೆತ್ತಿ ನೋಡಿದಳು. ಚನಮಲ್ಲಪ್ಪ ಮತ್ತೆ ಮೈಲುತುತ್ತದ ಹೆಸರೆತ್ತಲಿಲ್ಲ.

ಜಿನದತ್ತ ಬೇವಿನ ಬುಡದಲ್ಲಿ ತಲೆ ಮೇಲೆ ಕೈಹೊತ್ತು ಕೂತ. ಕುಂದಗೋಳದಲ್ಲಿ ಒಬ್ಬನೇ ರೊಟ್ಟಿ ಬಡಿಯುತ್ತಿರುವಂತೆ, ರೊಟ್ಟಿ ಹರಿಯುತ್ತಿರುವಂತೆ, ಹರಿಯಿತೆಂದು ನಗುವವರೂ ಇಲ್ಲದಂತೆ ಅವನಿಗೆ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಬಾಗದ ಮುಂದಿನ ರಸ್ತೆಯಲ್ಲಿ ಒಂದು ಚಕ್ಕಡಿ ನಿಂತಿತು. ರಬಕವಿಯ ಬಣ್ಣಗಾರ ಹೊಳಬಸಪ್ಪ ಎತ್ತುಗಳಿಗೆ ನೀರು ಕುಡಿಸಲು ಒಳಗೆ ಬಂದ. ನೇಕಾರರ ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಚಕ್ಕಡಿಯ ತುಂಬ ತಗಡಿನ ಡಬ್ಬಿಗಳಿದ್ದವು.

"ಶರಣ್ರಿ ಕಾರಕೂನ್ರ. ಎತ್ತಿಗೆ ಕುಡಸೋಣಂದ್ರ ಇದೇನ್ರಿ, ನೀರೋ ಸಾರೋ?"

ಜಿನದತ್ತ ತನ್ನ ಸಂಕಟವನ್ನೆಲ್ಲ ತೋಡಿಕೊಂಡ. ಹೊಳಬಸಪ್ಪ ಬಗ್ಗಿ ಒಂದು ಬೊಗಸೆ ನೀರೆತ್ತಿ, ಬಿಸಿಲಿಗೆ ಹಿಡಿದು, ಕಸುಬಿನ ಕಣ್ಣಿನಿಂದ ನೋಡಿದ.

"ನಿಮಗ ಹಾವಸಿ ಹೋಗಬೇಕೋ, ಹಸರ ಹೋಗಬೇಕೋ?"

"ಮೇಡಂಗ ನೀರು ಕಾಣಬೇಕು."

"ಹಂಗಾದ್ರ ಹಾವಸಿ ತಂಟೆಕ ಹೋಗಬ್ಯಾಡ್ರಿ. ನೀಲಿ ಹಾಕೂಣು. ನೀಲಿ ಹಾಕಿದ್ರ ತಳದಾಗ ಏನೈತಿ ಅಂತ ದೇವರಿಗೂ ಕಾಣೂದಿಲ್ಲ. ಒಳಗ ಬಿಸಲ ಹೋಗೂದಿಲ್ಲ, ಬಿಸಲಿಲ್ಲಂದ್ರ ಹಾವಸೀನೂ ತಾನ ಸೊರಗತೈತಿ." ಅವನು ಡಬ್ಬಿಗಳ ಕಡೆ ಕೈತೋರಿದ. "ಈ ಬಣ್ಣ ನೋಡ್ರಿ, ಪ್ಯಾಟಿಯಂವ ತಪ್ಪಿ ಕೊಟ್ಟಾನ. ಹತ್ತಿ ನೂಲಿಗೆ ಹಿಡಿಯವಲ್ಲದು. ಎಷ್ಟ ಅದ್ದಿದ್ರೂ ಒಂದ ತೊಳತಕ್ಕ ಬೆಳ್ಳಗ. ತಿರುಗಿ ಒಗದ ಬರಾಕ ಹೊಂಟಿದ್ದೆ. ನಿಮ್ಮ ಹೊಂಡಕ್ಕರ ಆಗಲಿ."

ಪದ್ಮವ್ವ ಇಷ್ಟಕ್ಕೆ ಒಪ್ಪುವವಳಲ್ಲ. ಒಂದು ಪಾತ್ರೆಯಲ್ಲಿ ನೀರು ತರಿಸಿ, ಒಂದು ಚಿಟಿಕೆ ಬಣ್ಣ ಹಾಕಿಸಿ, ಒಂದು ಮರಿಗಪ್ಪೆ ಬಿಟ್ಟು, ಎದುರಿಗೆ ಕಣ್ಣು ಪಿಳುಕಿಸದೆ ಕೂತಳು. ಆಳುಗಳು, ಚನಮಲ್ಲಪ್ಪ, ಹೊಳಬಸಪ್ಪ ಎಲ್ಲರೂ ಪಾತ್ರೆಯ ಸುತ್ತ ಕೂತರು. ಜಿನದತ್ತ ಮನಸ್ಸಿನಲ್ಲೇ ಆ ಮರಿಗಪ್ಪೆಗೆ ದೀರ್ಘಾಯುಷ್ಯ ಕೋರಿದ. ಮರಿಗಪ್ಪೆ ಬಾಲ ಆಡಿಸುತ್ತ ಪಾತ್ರೆಯನ್ನೆಲ್ಲ ಸುತ್ತು ಹಾಕಿತು, ಮೊದಲಿಗಿಂತ ಗೆಲುವಾಗಿಯೇ ಇತ್ತು.

"ಹೂಂ, ಹಾಕ್ರಿ," ಎಂದಳು ಪದ್ಮವ್ವ.

ಡಬ್ಬಿಗಳು ಬೋರಲಾದವು. ಎಮ್ಮೆಗಳು ಇನ್ನೂ ಒಳಗೇ ಇದ್ದು ಹೊರಳುತ್ತಿದ್ದರಿಂದ ಬಣ್ಣ ತಾನಾಗಿ ಮೂಲೆ ಮೂಲೆಗೂ ಬೆರೆಯಿತು. ಆಮೇಲೆ ಹಿಂಡಿಯ ವಾಸನೆ ತೋರಿಸಿ ಅವನ್ನು ಹೊರಗೆ ಕರೆದರು. ಎಮ್ಮೆಗಳಿಗೆ ಬಣ್ಣ ಹತ್ತಿತೋ ಇಲ್ಲವೋ, ಅವುಗಳ ಮೈ ನೋಡಿ ಹೇಳುವುದು ಸಾಧ್ಯವಿರಲಿಲ್ಲ. ಹೊಂಡ ಮಾತ್ರ ಆಕಾಶ ಕೆಳಗಿಳಿದು ಮಲಗಿದಂತೆ ನೀಲಿಯಾಗಿ, ಬೇವಿನ ನೆರಳನ್ನೂ ಮೋಡವನ್ನೂ ತೋರಿಸುತ್ತ, ನೋಡುವವರ ಕಣ್ಣಿಗೆ ತಂಪಾಗಿ ನಿಂತಿತು. ಜಿನದತ್ತನಿಗೆ ಹೊಳಬಸಪ್ಪನನ್ನು ಅಪ್ಪಿಕೊಳ್ಳಬೇಕೆನಿಸಿತು. ಕೈ ಚಾಚಿದಾಗ ಕಂಡದ್ದು ಮೊಣಕೈ ತನಕ ನೀಲಿಯಾಗಿದ್ದ ತನ್ನ ಕೈಗಳು.

"ಇದು ಯಾವುದಕ್ಕೂ ಹಿಡಿಯೂದಿಲ್ಲ ಅಂದ್ರಲ್ರಿ?"

"ಹತ್ತಿಗೆ ಹಿಡಿಯೂದಿಲ್ಲಂದೆ. ತೊಗಲಿನ ಸುದ್ದಿ ನನಗ ಗೊತ್ತಿಲ್ರಿ," ಎಂದು ಹೊಳಬಸಪ್ಪ ಖಾಲಿ ಚಕ್ಕಡಿ ಹತ್ತಿ ರಬಕವಿಯ ದಾರಿ ಹಿಡಿದ.

ಜಿನದತ್ತ ಹುಣಸೆಹಣ್ಣು ಹಚ್ಚಿ ಕೈ ತಿಕ್ಕುತ್ತಿದ್ದಾಗ ಹಿಂದಿನಿಂದ ಕೂಗಾಟ ಕೇಳಿತು. ಅರಮನೆಯ ಬಿಳಿ ಬಾತುಕೋಳಿಗಳು, ಊರಿನವರ ಬಾಯಲ್ಲಿ ಬದಕಗಳು, ಎಷ್ಟೋ ತಿಂಗಳಿಂದ ಈಜಲು ನೀರಿಲ್ಲದೆ ಬಾಗದ ತುಂಬ ಮುನಿಸಿಕೊಂಡು ತಿರುಗುತ್ತಿದ್ದವು. ಈಗ ನೀರು ಕಂಡದ್ದೇ ಸಾಲುಹಿಡಿದು ಓಡಿಬಂದು ಧುಮುಕಿದವು. ಮುಳುಗಿದವು, ಎದ್ದವು, ರೆಕ್ಕೆ ಬಡಿದವು, ಮತ್ತೆ ಮುಳುಗಿದವು. ಜಿನದತ್ತನೂ ಚನಮಲ್ಲಪ್ಪನೂ ಓಡಾಡಿ ಅವನ್ನು ಮೇಲಕ್ಕೆ ಅಟ್ಟುವ ಹೊತ್ತಿಗೆ ಎಲ್ಲವೂ ಕೊಕ್ಕಿನಿಂದ ಬಾಲದ ತನಕ ಅಚ್ಚ ನೀಲಿಯಾಗಿದ್ದವು.

"ತೊಳೀರಿ, ತೊಳೀರಿ," ಎಂದ ಜಿನದತ್ತ. ತೊಳೆದಷ್ಟೂ ಬಣ್ಣ ಹೊಳಪು ಬಂತು. ನೂಲಿಗೆ ಹಿಡಿಯದ ಬಣ್ಣ ಪುಕ್ಕಕ್ಕೆ ಹೇಳಿ ಮಾಡಿಸಿದಂತೆ ಹಿಡಿದಿತ್ತು. ದೂರದಲ್ಲಿ ಮೋಟಾರಿನ ಸದ್ದು ಕೇಳಿದ್ದರಿಂದ ಅವನ್ನೆಲ್ಲ ಸಲಿಕೆ ಗುದ್ದಲಿ ಇಡುವ ಕೋಣೆಗೆ ತಳ್ಳಿ ಚಿಲಕ ಹಾಕಿದರು.

ಮೇಡಂ ಬಂದರು. ತೆಳ್ಳಗೆ, ಎತ್ತರಕ್ಕೆ, ದೊಡ್ಡ ಹುಲ್ಲಿನ ಟೋಪಿ ಹಾಕಿದ್ದ ಹೆಂಗಸು. ಹೊಂಡ ನೋಡಿದ್ದೇ ಎರಡೂ ಕೈ ಎದೆಗೆ ಒತ್ತಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದರು. ಕಾರಭಾರಿ ನೀಲಕಂಠರಾಯರು ಬೇರೆ ಕೋಟು, ಹಳೆಯ ಜೋಡು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. ಅವರ ಮುಖ ಅರಳಿತು.

"ಹಿಂಥಾ ನೀರು ಅವರ ದೇಶದಾಗ ಇರತದಂತ. ಹಿಂದೂಸ್ಥಾನದಾಗ ಇದ ಮೊದಲ ನೋಡಿದ್ದಂತ," ಎಂದು ಜಿನದತ್ತನ ಕಡೆ ತಿರುಗಿ ಮೆಲ್ಲಗೆ ಹೇಳಿದರು. ಜಿನದತ್ತ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಮುಂದಕ್ಕೆ ಬಾಗಿ ಬಾಗಿ ನಕ್ಕ. ಕೈಮುಗಿಯಲಾರದವನು ಎಷ್ಟು ಬಾಗಬಹುದೋ ಅಷ್ಟೂ ಬಾಗಿದ.

ಚಹಾ ಬಂತು. ಎಲ್ಲ ಸುರಳೀತ ನಡೆದಿತ್ತು. ಆದರೆ ಕೋಣೆಯಲ್ಲಿ ಕೂಡಿಹಾಕಿದ್ದ ಬಾತುಕೋಳಿಗಳ ಗೋಳು ಪದ್ಮವ್ವನ ಕಿವಿಗೆ ಬಿದ್ದಿತ್ತು. ಪ್ರಾಣಿಗಳನ್ನು ಕೊಲ್ಲುವುದು ಹೇಗೆ ಪಾಪವೋ ಕಟ್ಟಿಹಾಕುವುದೂ ಹಾಗೆಯೇ ಪಾಪವೆಂದು ಅವಳು ಬಸದಿಯಲ್ಲಿ ಎಷ್ಟೋ ಸಲ ಕೇಳಿದ್ದಳು. ಹೋಗಿ ಚಿಲಕ ತೆಗೆದಳು.

ನೀಲಿ ಬಾತುಕೋಳಿಗಳು ಒಂದರ ಹಿಂದೊಂದು, ಕವಾಯತಿನ ಸಿಪಾಯಿಗಳಂತೆ, ಮೇಡಂ ಕುರ್ಚಿಯ ಮುಂದೆ ಹಾದು ಹೊಂಡದ ಕಡೆ ನಡೆದವು. ಮೇಡಂ ಕೈಯಲ್ಲಿದ್ದ ಚಹಾದ ಬಶಿ ಅಲ್ಲೇ ನಿಂತಿತು. ಕಾರಭಾರಿಗಳ ಬಾಯಿ ತೆರೆದದ್ದು ಹಾಗೇ ಉಳಿಯಿತು.

ಮೇಡಂ ಏನೋ ಕೇಳಿದರು. ಕಾರಭಾರಿಗಳು ಜಿನದತ್ತನ ಕಡೆ ಬಗ್ಗಿ ಕೇಳಿದರು: "ಇವು ಯಾವ ಜಾತಿ ಬದಕ ಅಂತ ಕೇಳಾಕತ್ತಾರ."

"ಇದ ನೀರಾಗಿನವು ರೀ," ಎಂದ ಜಿನದತ್ತ.

ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಕಾರಭಾರಿಗಳಿಗೆ ಇರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು ಮೇಡಂಗೆ ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದರು. ನಡುನಡುವೆ 'ಜಮಖಂಡಿ' ಎಂಬ ಮಾತು ಕೇಳುತ್ತಿತ್ತು. ಈ ಬಾತುಕೋಳಿಗಳು ಸಂಸ್ಥಾನದ ಖಾಸಾ ತಳಿ, ಬೇರೆಲ್ಲೂ ಸಿಗುವುದಿಲ್ಲ, ಮೇಡಂ ಅವರಿಗೆ ಒಂದು ಜೋಡಿಯನ್ನು ಕೊಲ್ಲಾಪುರಕ್ಕೆ ಕಳಿಸಿಕೊಡುತ್ತೇವೆ ಎಂದು ಮಾತು ಕೊಟ್ಟರೆಂಬುದು ಆಮೇಲೆ ತಿಳಿಯಿತು. ಮೇಡಂ ಎದ್ದುನಿಂತು ಅವರ ಕೈ ಕುಲುಕಿದರು. ಕಾರಭಾರಿಗಳ ಕೈಯನ್ನು ಯಾವ ಮೇಡಂ ಕೂಡ ಅಷ್ಟು ಹೊತ್ತು ಹಿಡಿದಿರಲಿಲ್ಲ.

ಮೋಟಾರು ಹೋದ ಮೇಲೆ, ಹೊತ್ತು ಮುಳುಗುವ ಸಮಯಕ್ಕೆ, ಕಾರಭಾರಿಗಳು ಜಿನದತ್ತನನ್ನು ಹತ್ತಿರ ಕರೆದರು. ಸಂತೋಷದಿಂದ ಅವನ ಬೆನ್ನು ತಟ್ಟಿದರು.

"ಜಿನದತ್ತ, ನಿನ್ನ ಯೋಗ್ಯತಾ ನನಗ ಇಷ್ಟ ದಿನ ತಿಳೀಲೇ ಇಲ್ಲ ನೋಡಪಾ. ಒಂದ ಹಗಲಿನಾಗ ಹಿಂಥಾ ಕೆಲಸ ಮಾಡಿದಿ. ನಿನಗ ಕಾರಕೂನಕಿ ಸಣ್ಣದಾತು. ನಾಳಿಂದ ನೀ ಬಾಗ ಸುಪರಿಂಟೆಂಡೆಂಟ್."

ಜಿನದತ್ತನ ಕಣ್ಣಲ್ಲಿ ನೀರು ಬಂತು.

"ಕುಂದಗೋಳದ ಕೆರಿ ಇದಕ್ಕಿಂತ ಕೆಟ್ಟ ಹೋಗೇದ. ಅಂತರಗಂಗಿ, ಹಾವಸಿ, ಆಳೆತ್ತರ ಜೊಂಡು. ಯಾರಿಗೂ ಬಗಿಹರೀವಲ್ದು. ನಿನ್ನಂಥಾವ ಬೇಕು ಅಲ್ಲಿ. ನಾಳೆನ ಹೊರಡು."

ಬೇವಿನ ಮರದ ಹಿಂದೆ ನಿಂತು ಕೇಳುತ್ತಿದ್ದ ಚನಮಲ್ಲಪ್ಪ ಇಷ್ಟು ಕೇಳಿದ್ದೇ ತಡ, ಸುದ್ದಿ ಮೊದಲು ಮುಟ್ಟಿಸುವ ಆಸೆಯಿಂದ ಜಿನದತ್ತನ ಮನೆಯ ಕಡೆ ಓಡಿದ.

ನೀರು ಕಾಣದಿದ್ದರೂ ಕುಂದಗೋಳ, ಕಂಡರೂ ಕುಂದಗೋಳ. ತೇರದಾಳದ ಚಕ್ಕಡಿ ಹತ್ತಿ ಹೋಗುತ್ತಿರುವ ಅನುಸೂಯಾಳ ಬೆನ್ನು ಜಿನದತ್ತನಿಗೆ ಸ್ಪಷ್ಟವಾಗಿ ಕಾಣಿಸಿತು. ಇನ್ನು ಉಳಿದಿದ್ದ ದಾರಿ ಒಂದೇ. ಹುಟ್ಟಿದಾಗಿನಿಂದ ಕಷ್ಟ ಬಂದಾಗಲೆಲ್ಲ ಸಣ್ಣಪುಟ್ಟ ಸುಳ್ಳು ಹೇಳಿಯೇ ಪಾರಾಗುತ್ತಿದ್ದವನು, ಅಂದು ಮೊದಲ ಸಲ ನಿಜ ಹೇಳಿ ಪಾರಾಗಲು ನಿರ್ಧರಿಸಿದ. ಬೆನ್ನ ಹಿಂದಿನ ಕೈಗಳನ್ನು ಮುಂದಕ್ಕೆ ಚಾಚಿದ.

"ಸಾಹೇಬ್ರ, ಹಾವಸಿ ಹೋಗಿಲ್ರಿ. ಒಳಗ ಹಂಗ ಐತಿ. ಇದು ರಬಕವಿ ಬಣ್ಣ ರೀ."

ಕಾರಭಾರಿಗಳು ಆ ನೀಲಿ ಕೈಗಳನ್ನು ನೋಡಿದರು. ಹೊಂಡ ನೋಡಿದರು. ಹೊಂಡದಲ್ಲಿ ತೇಲುತ್ತಿದ್ದ ಸಂಸ್ಥಾನದ ಖಾಸಾ ತಳಿಯನ್ನು ನೋಡಿದರು.

"ಅಂದ್ರ ಬದಕ?"

"ಅವಕ್ಕೂ ಹತ್ತೇತ್ರಿ. ಕುಂದಗೋಳದ ಕೆರಿ ನನ್ನ ಕೈಲೆ ಆಗೂದಲ್ರಿ. ಈ ಬಡ್ತಿ ನನಗ ತಕ್ಕದ್ದಲ್ರಿ. ರದ್ದ ಮಾಡ್ರಿ," ಎಂದು ಜಿನದತ್ತ ಪಾದ ಹಿಡಿದ.

ಮೇಡಂಗೆ ಕೊಟ್ಟ ಮಾತು, ಕೊಲ್ಲಾಪುರಕ್ಕೆ ಹೋಗಬೇಕಾದ ಜೋಡಿ, ಹಳೆಯ ಪುಕ್ಕ ಉದುರಿದ ಮೇಲೆ ಬಿಳಿಯಾಗಿ ಬರುವ ಅವುಗಳ ಹೊಸ ಪುಕ್ಕ, ಎಲ್ಲವೂ ಒಂದೊಂದಾಗಿ ಕಾರಭಾರಿಗಳ ಮುಖದ ಮೇಲೆ ಹಾದುಹೋದವು.

"ಖರೆ ಹೇಳಿದಿ," ಎಂದರು ಕೊನೆಗೆ. "ಬಡ್ತಿ ರದ್ದು."

"ನೀವು ದೇವರ ಇದ್ದಂಗ ರೀ."

"ಕಾರಕೂನನಾಗೇ ಹೋಗು ಕುಂದಗೋಳಕ್ಕ. ಇನ್ನ ನೀ ಜಮಖಂಡ್ಯಾಗ ನನ್ನ ಕಣ್ಣಿಗೆ ಬೀಳಬಾರದು. ಈ ಹೊಂಡ ಇನ್ನ ಮ್ಯಾಲ ಚನಮಲ್ಲಪ್ಪ ನೋಡಿಕೋತಾನ."

ದೀಪ ಹಚ್ಚುವ ಹೊತ್ತಿಗೆ ಜಿನದತ್ತ ಕಾಲೆಳೆಯುತ್ತ ಮನೆಗೆ ಬಂದ. ಹೆಂಡತಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಹುಡುಕಿದ್ದ, ಒಂದೂ ಸಿಕ್ಕಿರಲಿಲ್ಲ. ಮನೆಯ ಮುಂದೆ ಓಣಿಯ ಹೆಂಗಸರು ನೆರೆದಿದ್ದರು. ಪಡಸಾಲೆಯಲ್ಲಿ ಅವರ ಹಳೆಯ ಟ್ರಂಕು ಬಾಯಿ ತೆರೆದು ಕೂತಿತ್ತು. ಆಗಲೇ ಗಂಟು ಕಟ್ಟುತ್ತಿದ್ದಾಳೆ ಎಂದುಕೊಂಡು ಅವನು ಹೊಸ್ತಿಲಲ್ಲೇ ನಿಂತ.

ಟ್ರಂಕಿನಲ್ಲಿ ಅವನ ಧೋತರಗಳ ಮೇಲೆ ಅನುಸೂಯಾಳ ಮದುವೆಯ ಇಳಕಲ್ ಸೀರೆ ಮಡಿಸಿಟ್ಟಿತ್ತು.

"ಬಂದ್ರ್ಯಾ?" ಎಂದು ಅನುಸೂಯಾ ಒಳಗಿನಿಂದ ಬಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ಅವನು ಮದುವೆಯ ದಿನವೂ ನೋಡಿರಲಿಲ್ಲ. "ಚನಮಲ್ಲಪ್ಪಣ್ಣ ಎಲ್ಲಾ ಹೇಳಿದ್ರು. ನಾ ಏನ ಕುಂದಗೋಳಕ್ಕ ಬರೂದಿಲ್ಲಂದಿದ್ನೇನು? ಊರೂರು ಕಾರಕೂನನ ಹೇಣತಿ ಅನಸ್ಕೊಂಡು, ಬಾವಿಕಟ್ಟಿ ಮ್ಯಾಲ ಎಲ್ಲಾರಿಗಿಂತ ಹಿಂದ ನಿಂತು ನೀರ ತರೂದು ನನಗ ಸಾಕಾಗಿತ್ತು, ಅದಕ್ಕ ಅಂದಿದ್ದೆ. ಸುಪರಿಂಟೆಂಡೆಂಟ್ ಸಾಹೇಬ್ರ ಹೇಣತಿ ಆಗಿ ಬಾ ಅಂದ್ರ ಕುಂದಗೋಳ ಏನು, ಇನ್ನೂ ಆಚೆಗೂ ಬರ್ತೇನಿ. ಓಣಿಗೆಲ್ಲಾ ಸಕ್ರಿ ಹಂಚಿ ಬಂದೇನಿ. ತಗೀರಿ ಬಾಯಿ."

ಅವಳು ಒಂದು ಚಿಟಿಕೆ ಸಕ್ಕರೆ ಅವನ ಬಾಯಿಯ ಹತ್ತಿರ ತಂದಳು. ಬಾಗಿಲಲ್ಲಿ ಪದ್ಮವ್ವ ಕೈ ಅಡ್ಡ ಹಿಡಿದಳು.

"ಹೊತ್ತು ಮುಳುಗೇತಿ ಬೇ. ಈಗ ಬಾಯಾಗ ಏನೂ ಹಾಕಬ್ಯಾಡ."

ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಏನೂ ತಿನ್ನುವಂತಿರಲಿಲ್ಲ. ಅನುಸೂಯಾ ಸಕ್ಕರೆಯ ಕೈ ಹಿಂದಕ್ಕೆ ತೆಗೆದಳು. ಬಾಯಿ ತುಂಬ ಸಕ್ಕರೆ ಇದ್ದಿದ್ದರೆ ಜಿನದತ್ತ ಇನ್ನೂ ಸ್ವಲ್ಪ ಹೊತ್ತು ಸುಮ್ಮನಿರಬಹುದಿತ್ತು. ಈಗ ಓಣಿಯ ಹೆಂಗಸರೂ ಸುಪರಿಂಟೆಂಡೆಂಟರ ಹೆಂಡತಿಯೂ ಅವನು ಏನು ಹೇಳುತ್ತಾನೆಂದು ಅವನ ಖಾಲಿ ಬಾಯಿಯನ್ನೇ ನೋಡುತ್ತ ನಿಂತಿದ್ದರು.